ಹಿಮ ಕಾಣದ ಮಕ್ಕಳಿಗೆ ಹಿಮಪಾತದ ಪಾಠ: ಬಫಲೊ ನಗರದ ನಿದರ್ಶನ

ಪ್ರೌಢಶಾಲೆಯ ಭೂಗೋಳದಲ್ಲಿ ‘ವೃಷ್ಟಿಯ ರೂಪಗಳು’ ಎಂಬ ಬೋಧನಾಂಶ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತವೆ. ಮಳೆಯ ವಿಧಗಳಿಗೆ ಇಪ್ಪತ್ತೈದು ನಿಮಿಷ, ಆಲಿಕಲ್ಲಿಗೆ ಐದು ನಿಮಿಷ, ಹಿಮಕ್ಕೆ ಒಂದು ವಾಕ್ಯ ಮತ್ತು ಒಂದು ಚಿತ್ರಪಟ. ಚಿತ್ರಪಟದಲ್ಲಿ ಶಿಮ್ಲಾ ಅಥವಾ ಕಾಶ್ಮೀರ. ದೇವದಾರು ಮರ, ಬಿಳಿ ಇಳಿಜಾರು, ಕೆಂಪು ಸ್ವೆಟರಿನ ಮಗು. “ಎಷ್ಟು ಚೆನ್ನಾಗಿದೆ ಅಲ್ವಾ ಮಕ್ಕಳೇ?” ಎಂದರೆ ತರಗತಿ ಒಕ್ಕೊರಲಿನಿಂದ “ಹೌದು ಮಿಸ್” ಎನ್ನುತ್ತದೆ. ಹಿಮ ನೋಡಲು ಚೆಂದ ಎಂಬ ತಿಳುವಳಿಕೆ ಪಾಠಕ್ಕೆ ಮುಂಚೆಯೂ ಇತ್ತು, ಪಾಠದ ನಂತರವೂ ಅಷ್ಟೇ ಉಳಿಯಿತು. ಸಿನಿಮಾ ಹಾಡಿನಿಂದ ಮಕ್ಕಳು ಕಲಿತದ್ದನ್ನೇ ನಾವು ಒಂದು ಅವಧಿ ತೆಗೆದುಕೊಂಡು ಮತ್ತೆ ಕಲಿಸಿದಂತಾಯಿತು.

ಇದೇ ಬೋಧನಾಂಶವನ್ನು ಬೇರೆ ಕಡೆಯಿಂದ ಹಿಡಿಯಬಹುದು. ಒಂದು ದೊಡ್ಡ ನಗರದ ಮೇಲೆ ಎರಡು ದಿನದಲ್ಲಿ ಆಳೆತ್ತರ ಹಿಮ ಬಿದ್ದರೆ ಹಾಲಿನ ವ್ಯಾನು ಎಲ್ಲಿಂದ ಬರುತ್ತದೆ? ಆಂಬುಲೆನ್ಸ್ ಹೇಗೆ ಹೋಗುತ್ತದೆ? ರಸ್ತೆಯನ್ನು ಯಾರು ತೆರವು ಮಾಡುತ್ತಾರೆ, ಯಾವ ರಸ್ತೆಯನ್ನು ಮೊದಲು? ಮನೆಯೊಳಗಿನ ನಲ್ಲಿ, ಒಲೆ, ಚಾವಣಿ ಏನಾಗುತ್ತವೆ? ಈ ಪ್ರಶ್ನೆಗಳಿಂದ ಹೊರಟರೆ ಭೂಗೋಳ, ವಿಜ್ಞಾನ, ಗಣಿತ, ಪೌರನೀತಿ ನಾಲ್ಕೂ ಒಂದೇ ಪಾಠದಲ್ಲಿ ತಾವಾಗಿಯೇ ಸೇರುತ್ತವೆ. ಎರಡು ಅವಧಿ ಬೇಕು. ಒಂದರಲ್ಲೇ ಮುಗಿಸುವ ಆಸೆ ಬೇಡ.

ಪದದಲ್ಲೇ ಇರುವ ತೊಡಕು

ವಿಷಯಕ್ಕೆ ಇಳಿಯುವ ಮುಂಚೆ ಭಾಷೆಯನ್ನು ಸರಿಪಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಬೆಳಗಿನ ಮುಸುಕಿಗೂ ಆಗುತ್ತದೆ, ಹುಲ್ಲಿನ ಮೇಲಿನ ಹನಿಗೂ ಆಗುತ್ತದೆ, ಹಿಮಾಲಯದ ಮೇಲಿರುವುದಕ್ಕೂ ಆಗುತ್ತದೆ. “ನೀವು ಹಿಮ ನೋಡಿದ್ದೀರಾ?” ಎಂದು ಪೀಠಿಕೆಯಲ್ಲಿ ಕೇಳಿದರೆ ಕೊಡಗಿನ ಅಥವಾ ಚಿಕ್ಕಮಗಳೂರಿನ ಮಗು “ನಮ್ಮೂರಲ್ಲಿ ದಿನಾ ಮಂಜು ಬೀಳತ್ತೆ ಸಾರ್” ಎಂದು ಹೇಳುವುದು ಸಹಜ. ಅದು ತಪ್ಪು ಉತ್ತರವಲ್ಲ, ಅದೇ ಪಾಠದ ಬಾಗಿಲು. “ತಪ್ಪು, ಕೂತ್ಕೋ” ಎಂದು ಮುಂದೆ ಹೋಗುವ ಪ್ರಶಿಕ್ಷಣಾರ್ಥಿ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತಾನೆ.

ಕಪ್ಪುಹಲಗೆಯ ಎಡಭಾಗದಲ್ಲಿ ಐದು ಪದ ಬರೆಯಿರಿ: ಇಬ್ಬನಿ, ಕಾವಳ, ಆಲಿಕಲ್ಲು, ಮಂಜುಗಡ್ಡೆ, ಹಿಮ. ಪ್ರತಿಯೊಂದೂ ಎಲ್ಲಿ ಹುಟ್ಟಿತು ಎಂದು ಮಕ್ಕಳಿಂದಲೇ ಹೊರಡಿಸಿ. ಇಬ್ಬನಿ ಹುಟ್ಟುವುದು ತಣ್ಣಗಾದ ಎಲೆಯ ಮೇಲೆ. ಕಾವಳ ನೆಲದ ಹತ್ತಿರದ ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳು. ಆಲಿಕಲ್ಲು (ಬಯಲುಸೀಮೆಯ ಮಕ್ಕಳು ಆನೆಕಲ್ಲು ಎಂದಾರು, ಅದೂ ಸರಿ) ಗುಡುಗಿನ ಮೋಡದೊಳಗೆ ಮೇಲ್ಮುಖ ಗಾಳಿಗೆ ಸಿಕ್ಕಿದ ಹನಿ ಹೆಪ್ಪುಗಟ್ಟಿ, ಪದರದ ಮೇಲೆ ಪದರ ಕಟ್ಟಿ ಬಿದ್ದದ್ದು. ಅದಕ್ಕೇ ಅದು ನಮ್ಮಲ್ಲಿ ಬೇಸಗೆಯ ಮಳೆಯಲ್ಲಿ ಬೀಳುತ್ತದೆ. ಹಿಮದ ಕಥೆ ಬೇರೆ. ಅಲ್ಲಿ ನೀರಾವಿ ನೀರಾಗದೆಯೇ ನೇರವಾಗಿ ಹರಳಾಗುತ್ತದೆ. ಆರು ಕವಲಿನ ಆ ಹರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಕೆಳಗಿಳಿಯುತ್ತವೆ. ಹರಳುಗಳ ನಡುವಿನ ಈ ಗಾಳಿ ಮುಂದೆ ಲೆಕ್ಕಕ್ಕೆ ಬರುತ್ತದೆ, ಇಲ್ಲಿಯೇ ಒತ್ತಿ ಹೇಳಿರಿ.

ಧಾರವಾಡದ ಕಡೆಯ ತರಗತಿಯಾದರೆ ಹನುಮಂತಪ್ಪ ಕೊಪ್ಪದ ಅವರ ಹೆಸರು ಬರಬಹುದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಹೂತುಹೋಗಿ, ದಿನಗಳ ನಂತರ ಜೀವಂತ ಸಿಕ್ಕು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಟದೂರಿನ ಯೋಧ. ಆ ಹೆಸರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿ, ಅದು ಹಿಮಕುಸಿತ, ಅಂದರೆ ಪರ್ವತದ ಮೇಲೆ ಕೂಡಿದ ಹಿಮ ಜಾರಿ ಬಿದ್ದದ್ದು; ಇವತ್ತಿನ ಪಾಠ ಆಕಾಶದಿಂದ ಊರಿನ ಮೇಲೆ ಬೀಳುವ ಹಿಮದ್ದು ಎಂದು ಬೇರ್ಪಡಿಸಿ.

ಬಫಲೊದ ಮೇಲೆ ಹಿಮ ಏಕೆ ಸುರಿಯುತ್ತದೆ

ನಿದರ್ಶನಕ್ಕೆ ಒಂದೇ ಒಂದು ಊರು ಸಾಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರಿ ಸರೋವರದ ಪೂರ್ವ ದಂಡೆಯಲ್ಲಿರುವ ಬಫಲೊ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಭೂಪಟ ತೆರೆದಿಟ್ಟು ಸರೋವರದ ಆಕಾರವನ್ನು ಮಕ್ಕಳಿಂದಲೇ ಹೇಳಿಸಿ: ನೈರುತ್ಯದಿಂದ ಈಶಾನ್ಯಕ್ಕೆ ಉದ್ದವಾಗಿ ಮಲಗಿದ, ಸುಮಾರು 390 ಕಿ.ಮೀ. ಉದ್ದದ ನೀರಿನ ಪಟ್ಟಿ. ಐದು ಮಹಾ ಸರೋವರಗಳಲ್ಲಿ ಇದೇ ಅತಿ ಕಡಿಮೆ ಆಳದ್ದು, ಸರಾಸರಿ 19 ಮೀಟರ್.

ನವೆಂಬರ್ ಡಿಸೆಂಬರಿನಲ್ಲಿ ಕೆನಡಾದ ಕಡೆಯಿಂದ ಒಣ ಶೀತಗಾಳಿ ಬರುತ್ತದೆ. ಸರೋವರದ ನೀರು ಮಾತ್ರ ಬೇಸಗೆಯ ಬಿಸಿಯನ್ನು ಇನ್ನೂ ಬಿಟ್ಟುಕೊಟ್ಟಿರುವುದಿಲ್ಲ. ತಣ್ಣನೆಯ ಗಾಳಿ ಬೆಚ್ಚನೆಯ ನೀರಿನ ಮೇಲೆ ಹಾಯುವಾಗ ಕೆಳಗಿನಿಂದ ಬಿಸಿಯಾಗಿ, ಆವಿ ಹೀರಿ, ಮೇಲೆದ್ದು ಮೋಡವಾಗುತ್ತದೆ. ನೀರಿನ ಮೇಲ್ಮೈಗೂ ಸುಮಾರು 1,500 ಮೀಟರ್ ಎತ್ತರದ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರವಿದ್ದರೆ ಈ ಕ್ರಿಯೆ ಜೋರಾಗುತ್ತದೆ ಎಂಬುದು ಅಲ್ಲಿನ ಹವಾಮಾನ ತಜ್ಞರ ಲೆಕ್ಕ. ಗಾಳಿ ಸರೋವರದ ಉದ್ದಕ್ಕೇ ಬೀಸಿದ ದಿನ ಅದು ನೀರಿನ ಮೇಲೆ ಅತಿ ದೂರ ಹಾಯ್ದು ಬಂದಿರುತ್ತದೆ. ಆ ಗಾಳಿ ದಡ ಮುಟ್ಟುವ ಜಾಗದಲ್ಲೇ ಬಫಲೊ ಇದೆ. ಚಳಿ ಬಲಿತು ಸರೋವರ ಹೆಪ್ಪುಗಟ್ಟಿದರೆ ಆವಿ ಸಿಗದೆ ಈ ಬಗೆಯ ಹಿಮ ಬಹುಮಟ್ಟಿಗೆ ನಿಲ್ಲುತ್ತದೆ.

ಇಲ್ಲಿ ಪೂರ್ವಜ್ಞಾನ ಧಾರಾಳವಾಗಿದೆ. ಅರಬ್ಬೀ ಸಮುದ್ರದ ಆವಿ ಹೊತ್ತ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ ಆಗುಂಬೆಯಲ್ಲಿ ಸುರಿಯುವುದು ಮಕ್ಕಳಿಗೆ ಗೊತ್ತು. “ಘಟ್ಟ ಅಲ್ಲಿ ಗಾಳಿಯನ್ನು ಎತ್ತಿತು. ಬಫಲೊದಲ್ಲಿ ಅಂಥ ಘಟ್ಟವಿಲ್ಲ. ಹಾಗಾದರೆ ಎತ್ತಿದ್ದು ಯಾವುದು?” ಎಂಬ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಸರೋವರದ ಬಿಸಿ ಎಂಬ ಉತ್ತರ ತರಗತಿಯಿಂದಲೇ ಬರಬೇಕು. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಮಳೆಯ ವ್ಯತ್ಯಾಸ ಅಲ್ಲಿ ಒಂದೇ ನಗರದ ಎರಡು ಬಡಾವಣೆಗಳ ನಡುವೆ ಕಾಣಬಹುದು. 2014ರ ನವೆಂಬರಿನ ಹಿಮಪಾತದಲ್ಲಿ ಬಫಲೊದ ದಕ್ಷಿಣದ ಕೆಲವು ಉಪನಗರಗಳಲ್ಲಿ ಐದರಿಂದ ಏಳು ಅಡಿ ಹಿಮ ಕೂತರೆ, ಉತ್ತರದ ಕಡೆ ಕೆಲವೇ ಅಂಗುಲ ಬಿತ್ತು. ಮೋಡದ ಪಟ್ಟಿ ಅಷ್ಟು ಕಿರಿದು, ಅಷ್ಟು ಹಟಮಾರಿ.

ಹರಿಯುವ ನೀರು, ನಿಲ್ಲುವ ನೀರು

ಪಾಠದ ತಿರುಳು ಈ ಭಾಗ, ಇದಕ್ಕೆ ಹೆಚ್ಚು ಸಮಯ ಕೊಡಿ. ಬಫಲೊದಲ್ಲಿ ವರ್ಷಕ್ಕೆ ಸರಾಸರಿ 240 ಸೆಂ.ಮೀ. ಹಿಮ ಬೀಳುತ್ತದೆ. ಕೇಳಿದೊಡನೆ ಮಕ್ಕಳು ಬಾಯಿ ತೆರೆಯುತ್ತಾರೆ. ಈಗ ಹರಳುಗಳ ನಡುವೆ ಗಾಳಿಯಿದೆ ಎಂದದ್ದನ್ನು ನೆನಪಿಸಿ. ಸಾಮಾನ್ಯ ಲೆಕ್ಕದಲ್ಲಿ 10 ಸೆಂ.ಮೀ. ಹೊಸ ಹಿಮ ಕರಗಿದರೆ 1 ಸೆಂ.ಮೀ. ನೀರು. ಅಂದರೆ ಇಡೀ ಚಳಿಗಾಲದ ಹಿಮ ಕರಗಿದರೆ ಸಿಗುವುದು ಸುಮಾರು 240 ಮಿ.ಮೀ. ನೀರು. ಉಡುಪಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ನಾಲ್ಕು ಪಟ್ಟು ಮಳೆ ಬೀಳುತ್ತದೆ. ಆದರೂ ಉಡುಪಿಯ ಮಳೆಗೆ ಹೆದರದವರು ಬಫಲೊದ ಹಿಮಕ್ಕೆ ಏಕೆ ಹೆದರಬೇಕು?

ಉತ್ತರ ಸರಳ. ಮಳೆ ಬಿದ್ದ ಜಾಗದಿಂದ ಹರಿದು ಹೋಗುತ್ತದೆ. ಚರಂಡಿ, ತೋಡು, ಹೊಳೆ ಅದನ್ನು ಪುಕ್ಕಟೆಯಾಗಿ ಹೊತ್ತೊಯ್ಯುತ್ತವೆ. ಹಿಮ ಬಿದ್ದಲ್ಲೇ ಕೂರುತ್ತದೆ. ರಸ್ತೆಯ ಮೇಲೆ ಬಿದ್ದದ್ದು ರಸ್ತೆಯ ಮೇಲೆ, ಚಾವಣಿಯ ಮೇಲೆ ಬಿದ್ದದ್ದು ಚಾವಣಿಯ ಮೇಲೆ. ಅದನ್ನು ಯಾರಾದರೂ ಎತ್ತಲೇಬೇಕು, ಎತ್ತಿ ಇನ್ನೆಲ್ಲೋ ಇಡಲೇಬೇಕು. ಹಿಮದ ನಾಡಿನ ನಗರಾಡಳಿತವೆಲ್ಲ ಈ ಒಂದು ಮಾತಿನ ಸುತ್ತ ಕಟ್ಟಿದ್ದು.

ಬೋಧನೋಪಕರಣವಾಗಿ ಹತ್ತಿ ಮತ್ತು ಥರ್ಮೋಕೋಲ್ ತರುವ ರೂಢಿಯನ್ನು ಬಿಡಿ. ಎರಡೂ ಹಿಮದ ಬಣ್ಣವನ್ನಷ್ಟೇ ತೋರಿಸುತ್ತವೆ. ಒಂದು ಲೀಟರ್ ಅಳತೆಯ ಪಾತ್ರೆ, ಅರ್ಧ ಕಿಲೋ ಮಂಡಕ್ಕಿ, ಒಂದು ತಕ್ಕಡಿ ತನ್ನಿ. ಪಾತ್ರೆ ತುಂಬ ಮಂಡಕ್ಕಿ ತೂಗಿದರೆ ನೂರು ಗ್ರಾಂ ಕೂಡ ಬರುವುದು ಕಷ್ಟ. ಹೊಸದಾಗಿ ಬಿದ್ದ ಹಿಮವೂ ಹೀಗೆಯೇ, ಲೀಟರಿಗೆ 50ರಿಂದ 100 ಗ್ರಾಂ. ಮಂಡಕ್ಕಿಗೆ ನೀರು ಚಿಮುಕಿಸಿ ಅಂಗೈಯಿಂದ ಅದುಮಿ, ಮತ್ತೆ ತುಂಬಿ, ಮತ್ತೆ ಅದುಮಿ. ಅದೇ ಪಾತ್ರೆ ಈಗ ಕೈಗೆ ಭಾರ ಬರುತ್ತದೆ. ಕೆಲವು ದಿನ ಕೂತು ಒತ್ತಿಕೊಂಡ ಹಿಮ ಲೀಟರಿಗೆ 200–300 ಗ್ರಾಂ, ಒದ್ದೆ ಹಿಮ ಇನ್ನೂ ಹೆಚ್ಚು. ಅಳೆಯಲು ಹೋದ ಮಂಡಕ್ಕಿಯಲ್ಲಿ ಅರ್ಧ ಮಕ್ಕಳ ಹೊಟ್ಟೆಗೆ ಹೋಗುವುದು ಖಚಿತ, ಅಷ್ಟನ್ನು ಲೆಕ್ಕ ಹಿಡಿದೇ ತನ್ನಿ.

ಗಣಿತಕ್ಕೆ ಇದೇ ಸಂದರ್ಭ. ಮನೆಯ ಬಾಗಿಲಿನಿಂದ ಬೀದಿಯವರೆಗೆ ಕಾರು ತರುವ ದಾರಿ 15 ಮೀಟರ್ ಉದ್ದ, 3 ಮೀಟರ್ ಅಗಲ. ಅದರ ಮೇಲೆ 30 ಸೆಂ.ಮೀ. ಹೊಸ ಹಿಮ. ಗಾತ್ರ 13.5 ಘನ ಮೀಟರ್. ಘನ ಮೀಟರಿಗೆ 100 ಕೆ.ಜಿ. ಹಿಡಿದರೆ 1,350 ಕೆ.ಜಿ., ಅಂದರೆ 50 ಕೆ.ಜಿ.ಯ 27 ಅಕ್ಕಿ ಮೂಟೆ. ಸಲಿಕೆಗೆ 5 ಕೆ.ಜಿ.ಯಂತೆ 270 ಸಲ ಬಗ್ಗಿ ಎತ್ತಿ ಪಕ್ಕಕ್ಕೆ ಎಸೆಯಬೇಕು. ಕೆಲಸಕ್ಕೆ ಹೊರಡುವ ಮುಂಚೆ, ಕತ್ತಲಲ್ಲಿ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ. ಇನ್ನೊಂದು ಲೆಕ್ಕ: 80 ಚದರ ಮೀಟರ್ ಸಮತಟ್ಟು ತಾರಸಿಯ ಮೇಲೆ ಒಂದು ಮೀಟರ್ ಒತ್ತಿದ ಹಿಮ, ಘನ ಮೀಟರಿಗೆ 300 ಕೆ.ಜಿ. ಉತ್ತರ 24 ಟನ್. ದಸರೆಗೆ ಮುಂಚೆ ಮೈಸೂರಿನಲ್ಲಿ ಆನೆಗಳನ್ನು ತೂಗುವ ಸುದ್ದಿ ಮಕ್ಕಳು ಓದಿರುತ್ತಾರೆ. ದೊಡ್ಡ ಗಂಡಾನೆ ಸುಮಾರು 5 ಟನ್. ಹೆಚ್ಚುಕಡಿಮೆ ಐದು ದಸರಾ ಆನೆಗಳು ಒಂದು ಮನೆಯ ತಾರಸಿಯ ಮೇಲೆ ನಿಂತಂತೆ. ಶಿಮ್ಲಾದ ಹಳೆಯ ಮನೆಗಳ ಚಾವಣಿ ಏಕೆ ಇಳಿಜಾರು, ಏಕೆ ತಗಡಿನದು ಎಂದು ಈಗ ಕೇಳಿ ನೋಡಿ. ಪಠ್ಯಪುಸ್ತಕದ ಸಾಲು ಬಾಯಿಪಾಠ ಮಾಡದೆಯೇ ಉತ್ತರ ಬರುತ್ತದೆ.

ನಗರ ಏನು ಮಾಡುತ್ತದೆ

ಹಿಮ ಬೀಳುವ ಮುಂಚೆಯೇ ರಸ್ತೆಗೆ ಉಪ್ಪುನೀರು ಸಿಂಪಡಿಸುತ್ತಾರೆ. ಬೀಳುತ್ತಿರುವಾಗ, ಮುಂದೆ ಓರೆಯಾದ ಉಕ್ಕಿನ ಹಲಗೆ ಕಟ್ಟಿದ ಲಾರಿಗಳು ಹಿಮವನ್ನು ಪಕ್ಕಕ್ಕೆ ತಳ್ಳುತ್ತ, ಹಿಂದಿನಿಂದ ಉಪ್ಪು ಚೆಲ್ಲುತ್ತ ಸುತ್ತುತ್ತವೆ. ಉಪ್ಪಿನ ಕೆಲಸವನ್ನು ವಿವರಿಸಲು ಮಟ್ಕಾ ಕುಲ್ಫಿಯವನಷ್ಟು ಒಳ್ಳೆಯ ಉದಾಹರಣೆ ಇಲ್ಲ, ತೊಡಕಿನ ಉದಾಹರಣೆಯೂ ಇಲ್ಲ. ಕುಲ್ಫಿಯವನು ಮಂಜುಗಡ್ಡೆಗೆ ಉಪ್ಪು ಹಾಕುವುದು ಇನ್ನೂ ತಣ್ಣಗೆ ಮಾಡಲು, ಬಫಲೊದವರು ಉಪ್ಪು ಹಾಕುವುದು ಕರಗಿಸಲು. ಇದು ಹೇಗೆ? ಉಪ್ಪು ಬೆರೆತರೆ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಗಟ್ಟಿಯಾಗುವುದಿಲ್ಲ, ಹಾಗಾಗಿ ಗಡ್ಡೆ ಕರಗತೊಡಗುತ್ತದೆ. ಕರಗಲು ಶಾಖ ಬೇಕು. ಮುಚ್ಚಿದ ಮಡಕೆಯಲ್ಲಿ ಆ ಶಾಖವನ್ನು ಕುಲ್ಫಿಯಿಂದ ಎಳೆದುಕೊಳ್ಳುತ್ತದೆ, ಬಯಲಿನಲ್ಲಿ ರಸ್ತೆಯಿಂದಲೂ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ. ಕ್ರಿಯೆ ಒಂದೇ, ನಾವು ಬಳಸುವ ಕೊನೆ ಬೇರೆ. ಪುಡಿ ಮಾಡಿದ ಐಸು, ಹರಳುಪ್ಪು, ಒಂದು ಪ್ರಯೋಗಾಲಯದ ಉಷ್ಣಮಾಪಕ ಇದ್ದರೆ ಐದು ನಿಮಿಷದಲ್ಲಿ ಪಾದರಸ ಸೊನ್ನೆಯಿಂದ ಕೆಳಗಿಳಿಯುವುದನ್ನು ತೋರಿಸಬಹುದು. (ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ಬಾರದು.) ಚಳಿ ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗಾದರೆ ಅಡುಗೆ ಉಪ್ಪಿನ ಜಾತಿಯ ಉಪ್ಪು ಮಂದವಾಗುತ್ತದೆ. ಆಗ ಚಕ್ರ ಜಾರದಿರಲೆಂದು ಮರಳು ಚೆಲ್ಲುತ್ತಾರೆ, ಇಲ್ಲವೇ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಈ ಉಪ್ಪೇ ಸೇತುವೆಯ ಕಬ್ಬಿಣವನ್ನು ತಿನ್ನುತ್ತದೆ, ಕಾರಿನ ತಳ ತುಕ್ಕು ಹಿಡಿಸುತ್ತದೆ, ಕೆರೆ ತೊರೆಗಳ ಸಿಹಿನೀರಿಗೆ ಸೇರುತ್ತದೆ.

ಪಕ್ಕಕ್ಕೆ ತಳ್ಳಿದ ಹಿಮ ಎಲ್ಲಿಗೆ ಹೋಗಬೇಕು? ಕೆನಡಾದ ಮಾಂಟ್ರಿಯಲ್‌ನಲ್ಲಿ ಬೀದಿ ಮತ್ತು ಕಾಲುದಾರಿ ಸೇರಿ ಸುಮಾರು 10,000 ಕಿ.ಮೀ. ತೆರವು ಮಾಡಬೇಕು. ಅಲ್ಲಿ ಮೊದಲು ಹಿಮವನ್ನು ಸಾಲಾಗಿ ಒಟ್ಟುತ್ತಾರೆ. ಆಮೇಲೆ ಬೀದಿಯಲ್ಲಿ ನಿಲ್ಲಿಸಿದ ಕಾರು ತೆಗೆಯಿರೆಂದು ಸೈರನ್ ಕೂಗಿಸುತ್ತಾರೆ, ತೆಗೆಯದಿದ್ದರೆ ಎಳೆದೊಯ್ಯುತ್ತಾರೆ. ನಂತರ ದೊಡ್ಡ ಯಂತ್ರ ಹಿಮವನ್ನು ಹೀರಿ ಲಾರಿಗೆ ಊದುತ್ತದೆ. ಲಾರಿಗಳು ಅದನ್ನು ಹಳೆಯ ಕಲ್ಲುಕ್ವಾರಿಯಂಥ ಜಾಗಗಳಿಗೆ ಸುರಿಯುತ್ತವೆ. ಜಪಾನಿನ ನಾಗಾವೊಕದಲ್ಲಿ 1960ರ ದಶಕದಿಂದ ಬೇರೆ ಉಪಾಯ ಬೆಳೆಯಿತು. ರಸ್ತೆಯ ನಡುವೆ ಸಣ್ಣ ಚಿಲುಮೆಗಳನ್ನು ಹುದುಗಿಸಿ, ಚಳಿಗಾಲದಲ್ಲೂ ಹದಿಮೂರು ಹದಿನಾಲ್ಕು ಡಿಗ್ರಿಯಷ್ಟು ಬೆಚ್ಚಗಿರುವ ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುತ್ತಾರೆ. ಅಂತರ್ಜಲ ಅತಿಯಾಗಿ ಎತ್ತಿದ್ದರಿಂದ ನೆಲವೇ ಕುಸಿಯುವ ಸಮಸ್ಯೆಯೂ ಬೆನ್ನ ಹಿಂದೆ ಬಂತು. ಕೊಳವೆಬಾವಿಗಳ ಕೋಲಾರದಲ್ಲಿ ಪಾಠ ಮಾಡುವವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು.

ಯಾವ ಬೀದಿ ಮೊದಲು ಎಂಬ ಪ್ರಶ್ನೆ ರಾಜಕೀಯದ್ದು. 1969ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಬೀದಿಗಳು ದಿನಗಟ್ಟಲೆ ತೆರವಾಗದೆ ಮೇಯರ್ ಜಾನ್ ಲಿಂಡ್ಸೆ ಜನರ ಕೋಪಕ್ಕೆ ಗುರಿಯಾದರು. 1979ರಲ್ಲಿ ಷಿಕಾಗೋ ಮೇಯರ್ ಮೈಕಲ್ ಬಿಲಾಂಡಿಕ್ ಪಕ್ಷದೊಳಗಿನ ಚುನಾವಣೆಯಲ್ಲಿ ಜೇನ್ ಬರ್ನ್ ಅವರಿಗೆ ಸೋಲಲು ಆ ವರ್ಷದ ಹಿಮವನ್ನು ಸರಿಯಾಗಿ ನಿಭಾಯಿಸದಿದ್ದುದು ದೊಡ್ಡ ಕಾರಣವಾಯಿತು. ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಊರಿನವರು ಸರದಿಯನ್ನೇ ತಿರುಗಿಸಿದರು: ಮೊದಲು ಕಾಲುದಾರಿ, ಶಿಶುವಿಹಾರಗಳ ಸುತ್ತಿನ ದಾರಿ, ಆಮೇಲೆ ದೊಡ್ಡ ರಸ್ತೆ. ಕಾರಿನಲ್ಲಿ ಹೋಗುವವರಲ್ಲಿ ಗಂಡಸರು ಹೆಚ್ಚು, ಮಗುವಿನ ಕೈಹಿಡಿದು ನಡೆಯುವವರಲ್ಲಿ ಹೆಂಗಸರು ಹೆಚ್ಚು ಎಂಬುದನ್ನು ಅವರು ಗಮನಿಸಿದ್ದರು.

ಮನೆಯ ಒಳಗೂ ಹೊರಗೂ

2022ರ ಡಿಸೆಂಬರ್ 23ರಿಂದ ಕ್ರಿಸ್‌ಮಸ್ ದಾಟಿ ಬಫಲೊ ಮೇಲೆ ಬೀಸಿದ ಹಿಮಗಾಳಿಯಲ್ಲಿ ವಿಮಾನ ನಿಲ್ದಾಣದ ಅಳತೆಯಂತೆ 130 ಸೆಂ.ಮೀ.ಗೂ ಮೀರಿ ಹಿಮ ಬಿತ್ತು. ಆ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಹಿಮಕ್ಕೆ ಒಗ್ಗಿದ ಊರಿನಲ್ಲಿ ಇಷ್ಟು ಸಾವು ಹೇಗೆ ಎಂಬುದನ್ನು ಮೃದುವಾಗಿ, ಆದರೆ ಮರೆಮಾಚದೆ ಹೇಳಬೇಕು. ಕೆಲವರು ಕಾರಿನಲ್ಲಿ ಸಿಕ್ಕಿಬಿದ್ದು, ಕೆಲವರು ಬೀದಿಯಲ್ಲಿ ದಾರಿ ತಪ್ಪಿ, ಕೆಲವರು ವಿದ್ಯುತ್ತು ಮತ್ತು ಶಾಖವಿಲ್ಲದ ತಮ್ಮ ಮನೆಯಲ್ಲೇ, ಕೆಲವರು ಹಿಮ ಎತ್ತುವಾಗ ಹೃದಯಾಘಾತದಿಂದ, ಇನ್ನು ಕೆಲವರು ಆಂಬುಲೆನ್ಸ್ ತಲುಪಲಾರದೆ. ಸಂಚಾರ ನಿಷೇಧದ ಆಜ್ಞೆ ಜನ ಕೆಲಸಕ್ಕೆ ಹೊರಟ ಮೇಲೆ ಬಂತು ಎಂಬ ಟೀಕೆ ಆಗ ಬಲವಾಗಿ ಕೇಳಿಬಂತು. ಅದಕ್ಕೂ ಮುಂಚೆ, 1977ರ ಜನವರಿಯ ಹಿಮಗಾಳಿಯಲ್ಲಿ ಹೊಸದಾಗಿ ಬಿದ್ದ ಹಿಮ ಸುಮಾರು 30 ಸೆಂ.ಮೀ. ಅಷ್ಟೇ. ಆದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ವಾರಗಳಿಂದ ಕೂಡಿದ್ದ ಪುಡಿ ಹಿಮವನ್ನೆಲ್ಲ ಬಿರುಗಾಳಿ ಗುಡಿಸಿ ಊರಿನ ಮೇಲೆ ಸುರಿಯಿತು. ಆಗಲೂ 20ಕ್ಕೂ ಹೆಚ್ಚು ಜನ ಸತ್ತರು.

ಇಂಗಾಲದ ಮಾನಾಕ್ಸೈಡ್ ಬಗ್ಗೆ ಒಂದು ಪೂರ್ತಿ ಚರ್ಚೆ ಇರಲಿ, ಅದು ನಮ್ಮ ಮಕ್ಕಳಿಗೂ ನೇರವಾಗಿ ತಟ್ಟುವ ವಿಷಯ. ನಿಂತ ಕಾರಿನ ಹೊಗೆಕೊಳವೆಯನ್ನು ಹಿಮ ಮುಚ್ಚಿದಾಗ ಎಂಜಿನ್ ಚಾಲೂ ಇಟ್ಟರೆ ವಿಷಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮನುಷ್ಯನಿಗೆ ತಲೆಭಾರ, ನಿದ್ದೆ, ಅಷ್ಟೇ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ಹಿಮ ನೋಡಲು ಹೋದ ಪ್ರವಾಸಿಗರ ಕಾರುಗಳು ರಸ್ತೆಯಲ್ಲೇ ಸಿಕ್ಕಿಕೊಂಡು 20ಕ್ಕೂ ಹೆಚ್ಚು ಜನ ಸತ್ತರು. ಮುಚ್ಚಿದ ಕಾರಿನೊಳಗೆ ಸೇರಿದ ಈ ಗಾಳಿಯೂ ಕಾರಣವೆಂದು ಹೇಳಲಾಯಿತು. ಅದಕ್ಕೇ ಹಿಮದ ಊರುಗಳಲ್ಲಿ ಕಲಿಸುವುದು: ಮೊದಲು ಇಳಿದು ಹೊಗೆಕೊಳವೆಯ ಸುತ್ತ ಹಿಮ ತೆಗೆ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕು, ಕಿಟಕಿಯನ್ನು ಸ್ವಲ್ಪ ಇಳಿಸು, ಕಾರು ಬಿಟ್ಟು ನಡೆದು ಹೋಗಬೇಡ. ಗೋಡೆಯ ಹೊರಗೆ ಬಂದಿರುವ ಶಾಖಯಂತ್ರದ ಕೊಳವೆಗಳನ್ನೂ ಹೀಗೆಯೇ ಬಿಡಿಸಿಡಬೇಕು. ಜನರೇಟರನ್ನು ಮನೆಯೊಳಗೆ ಇಡಲೇಬಾರದು. ಬಾಗಿಲು ಕಿಟಕಿ ಮುಚ್ಚಿ ಇದ್ದಿಲು ಕೆಂಡದ ಮುಂದೆ ಮಲಗಿದ ಮನೆಯಲ್ಲಿ ಕೊಲ್ಲುವುದೂ ಇದೇ ಗಾಳಿ ಎಂದು ಹೇಳಿದರೆ ಪಾಠ ಮಕ್ಕಳ ಜೊತೆ ಮನೆಗೆ ಹೋಗುತ್ತದೆ.

ನೀರಿನ ಕೊಳವೆಯ ವಿಷಯ ಬೇಗ ಮುಗಿಸಬಹುದು. ನೀರು ಗಡ್ಡೆಯಾದಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಕೊಳವೆ ಒಡೆಯುತ್ತದೆ. ಅದಕ್ಕೆ ಹೊರಗೋಡೆಯ ಪಕ್ಕದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತಾರೆ. ನಲ್ಲಿ ತೊಟ್ಟಿಕ್ಕಿದರೆ ಬೈಸಿಕೊಳ್ಳುವ ನಮ್ಮ ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ಚಾವಣಿಯ ಹಿಮ ಇಳಿಸುವುದು ಮಾತ್ರ ಜೀವದ ಮಾತು. ಜಪಾನಿನಲ್ಲಿ 2005-06ರ ಚಳಿಗಾಲದ ಹಿಮಕ್ಕೆ ಸತ್ತ 152 ಜನರಲ್ಲಿ ಹೆಚ್ಚಿನವರು ಹಿಮ ತೆಗೆಯುವ ಕೆಲಸದಲ್ಲಿದ್ದವರು, ಬಹುಪಾಲು ವಯಸ್ಸಾದವರು. ಯುವಕರು ಪಟ್ಟಣ ಸೇರಿದ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರೇ ಏಣಿ ಹತ್ತಬೇಕು. ಈ ಮಾತು ಹೇಳಿದಾಗ ತರಗತಿ ತಾನಾಗಿ ಮೌನವಾಗುವುದುಂಟು. ಮಲೆನಾಡಿನ, ಉತ್ತರ ಕನ್ನಡದ ಮಕ್ಕಳಿಗೆ ಅಂಥ ಮನೆಗಳು ಗೊತ್ತು.

ತರಗತಿಯ ಚಟುವಟಿಕೆ

ಎರಡನೆಯ ಅವಧಿಯ ಅರ್ಧ ಭಾಗ ಇದಕ್ಕೆ. ಐದು ಗುಂಪು ಮಾಡಿ, ಪ್ರತಿ ಗುಂಪಿಗೂ ತಮ್ಮದೇ ಊರಿನ ಕೈನಕ್ಷೆ ಬರೆಯಲು ಹೇಳಿ: ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ಶಾಲೆ, ಸಂತೆ ಮೈದಾನ, ಹಾಲಿನ ಡೈರಿ, ತಹಶೀಲ್ದಾರ್ ಕಚೇರಿ, ಊರ ಹೊರಗಿನ ಕೇರಿ. ರಾತ್ರಿ ಮೊಣಕಾಲುದ್ದ ಹಿಮ ಬಿದ್ದಿದೆ, ಹಿಮ ತಳ್ಳುವ ಲಾರಿ ಒಂದೇ, ಕೈಯಲ್ಲಿರುವುದು ನಾಲ್ಕು ಗಂಟೆ, ಒಂದು ರಸ್ತೆಗೆ ಅರ್ಧ ಗಂಟೆ. ಎಂಟು ರಸ್ತೆ ಆರಿಸಿ, ಕ್ರಮ ಹಾಕಿ, ಕಾರಣ ಕೊಡಿ.

ಬಹುತೇಕ ಗುಂಪುಗಳು ಆಸ್ಪತ್ರೆಯನ್ನು ಮೊದಲು ಇಡುತ್ತವೆ. ಆಗ ಮಾರ್ಗದರ್ಶಕರು ಕೇಳಬೇಕಾದ ಪ್ರಶ್ನೆ: “ಆಸ್ಪತ್ರೆಯ ಮುಂದಿನ ರಸ್ತೆ ತೆರವಾಯಿತು, ನರ್ಸ್ ಅಕ್ಕ ಇರುವ ಮನೆಯ ಬೀದಿ?” ಎರಡನೆಯದು: “ಊರ ಹೊರಗಿನ ಕೇರಿ ಎಲ್ಲರ ಪಟ್ಟಿಯಲ್ಲೂ ಕೊನೆಗೇ ಏಕೆ ಬಂತು, ಅಥವಾ ಏಕೆ ಬರಲೇ ಇಲ್ಲ?” ಉತ್ತರವನ್ನು ಪ್ರಶಿಕ್ಷಣಾರ್ಥಿ ತಾನೇ ಹೇಳಿಬಿಡಬಾರದು. ಈ ಜಾಗದಲ್ಲಿ ಪಾಠ ಭಾಷಣವಾಗುವ ಅಪಾಯ ಹೆಚ್ಚು. ಆ ಕೇರಿಯ ಮಕ್ಕಳು ತರಗತಿಯಲ್ಲೇ ಕೂತಿರುತ್ತಾರೆ ಎಂಬ ಎಚ್ಚರವೂ ಇರಲಿ. ಅವರ ಕಡೆ ಬೆರಳು ಹೋಗದಂತೆ ಪ್ರಶ್ನೆಯನ್ನು ನಕ್ಷೆಗೆ ಕೇಳಿ, ಮಗುವಿಗಲ್ಲ.

ಅಮೆರಿಕ, ಕೆನಡಾಗಳಲ್ಲಿ ನೆಂಟರಿರುವ ಮಕ್ಕಳಿಂದ ಫೋನಿನಲ್ಲಿ ವಿಚಾರಿಸಿ ಬರಲು ಹೇಳುವ ಯೋಚನೆ ಪ್ರಶಿಕ್ಷಣಾರ್ಥಿಗಳಿಗೆ ಬರುತ್ತದೆ. ಟೊರಾಂಟೊ, ಡೆಟ್ರಾಯಿಟ್‌ಗಳಲ್ಲಿ ಕನ್ನಡ ಮನೆಗಳಿಗೇನೂ ಕೊರತೆಯಿಲ್ಲ. ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಇದು ನಡೆದೀತು. ಸರ್ಕಾರಿ ಪ್ರೌಢಶಾಲೆಯಲ್ಲಿ ಒಬ್ಬಿಬ್ಬರಿಗೆ ಮಾತ್ರ ಅಂಥ ನೆಂಟರಿದ್ದರೆ ಪಾಠ ಹಿಮದಿಂದ ಜಾರಿ ಯಾರ ಮಾವ ಎಲ್ಲಿದ್ದಾರೆ ಎಂಬುದಕ್ಕೆ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ.

ಮೌಲ್ಯಮಾಪನ ಮತ್ತು ಗೃಹಪಾಠ

‘ಹಿಮಪಾತ ಎಂದರೇನು?’ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಇವನ್ನು ಕೇಳಿ: ಜನವರಿಯಲ್ಲಿ ಈರಿ ಸರೋವರ ಪೂರ್ತಿ ಹೆಪ್ಪುಗಟ್ಟಿದರೆ ಬಫಲೊದವರು ನಿಶ್ಚಿಂತರಾಗಬಹುದೇ? ಆವಿ ನಿಂತಿತು, ಹಾಗಾಗಿ ಹೌದು ಎಂದವರು ಅರ್ಧ ಕಲಿತಿದ್ದಾರೆ. 1977ನ್ನು ನೆನೆದು, ಸರೋವರದ ಮೇಲೆ ಕೂತ ಹಿಮವನ್ನು ಗಾಳಿ ತಂದೀತು ಎಂದವರು ಪೂರ್ತಿ ಕಲಿತಿದ್ದಾರೆ. ಇನ್ನೊಂದು: ಹಿಮ ಬಿದ್ದ ಮೊದಲ ದಿನವೇ ತಾರಸಿ ಗುಡಿಸುವುದು ಒಳ್ಳೆಯದೋ, ನಾಲ್ಕು ದಿನ ಬಿಟ್ಟೋ? ಹಿಮ ಒತ್ತಿಕೊಂಡರೆ ಒಟ್ಟು ತೂಕ ಹೆಚ್ಚುವುದಿಲ್ಲ, ದಪ್ಪ ಇಳಿಯುತ್ತದೆ, ಒಂದು ಸಲಿಕೆಯ ಭಾರ ಹೆಚ್ಚುತ್ತದೆ. ತೂಕ ಹೆಚ್ಚುವುದು ಮೇಲೆ ಹೊಸ ಹಿಮ ಬಿದ್ದಾಗ ಅಥವಾ ಮಳೆ ಬಿದ್ದು ಹಿಮ ನೀರು ಹೀರಿದಾಗ. ಮಂಡಕ್ಕಿಯ ಪ್ರಯೋಗದಲ್ಲಿ ಅದುಮುವುದನ್ನೂ ಮತ್ತೆ ತುಂಬುವುದನ್ನೂ ನಾವೇ ಒಟ್ಟಿಗೆ ಮಾಡಿರುವುದರಿಂದ ಇಲ್ಲಿ ಗೊಂದಲ ಏಳುತ್ತದೆ. ಉತ್ತರ ತಪ್ಪಿದವರ ಕೈಯಲ್ಲೇ ಒಮ್ಮೆ ಬರೀ ಅದುಮಿಸಿ, ಒಮ್ಮೆ ತುಂಬಿಸಿ, ಬೇರೆ ಬೇರೆಯಾಗಿ ತೂಗಿಸಿ.

ಗೃಹಪಾಠಕ್ಕೆ ಮಳೆಗಾಲದ ಸಿದ್ಧತೆ ತೆಗೆದುಕೊಳ್ಳಿ. ಹೆಂಚು ಕೈಯಾಡಿಸುವುದು, ಸೌದೆ ಕೂಡಿಡುವುದು, ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು, ಚರಂಡಿ ಬಿಡಿಸುವುದು, ಹಪ್ಪಳ ಸಂಡಿಗೆ ಡಬ್ಬಿ ತುಂಬುವುದು. ಮನೆಯ ಹಿರಿಯರನ್ನು ಕೇಳಿ ಎಡಗಡೆ ಬರೆಯಲಿ. ಬಲಗಡೆ, ಬಫಲೊದ ಮನೆಯಲ್ಲಿ ಅದಕ್ಕೆ ಸಮನಾದ ಕೆಲಸ ಯಾವುದು ಎಂದು ಯೋಚಿಸಿ ತುಂಬಲಿ. ಕೆಲವು ಸಾಲುಗಳ ಬಲಗಡೆ ಖಾಲಿ ಉಳಿಯುತ್ತದೆ, ಅದಕ್ಕೆ ಅಂಕ ಕಳೆಯಬೇಡಿ. ವೀಕ್ಷಣಾ ಪುಸ್ತಕದಲ್ಲಿ ಸಹಪಾಠಿ ವೀಕ್ಷಕರು ಪ್ರಶ್ನೆಗಳ ಸಂಖ್ಯೆಯ ಜೊತೆಗೆ, ಪ್ರತಿ ಪ್ರಶ್ನೆಯ ನಂತರ ಪ್ರಶಿಕ್ಷಣಾರ್ಥಿ ಎಷ್ಟು ಸೆಕೆಂಡು ಕಾದರು ಎಂಬುದನ್ನೂ ಗುರುತು ಹಾಕಿಕೊಂಡರೆ ಮರುದಿನದ ವಿಮರ್ಶೆಗೆ ಅನುಕೂಲ.